ಅಮರ್ಜೆಯ ಶಾಲು

ಕ್ರೋಶಾ ಹೆಣಿಗೆಯ ಮಾದರಿ ಪುಸ್ತಕವನ್ನು ಯಾವದನ್ನೇ ತೆರೆದರೂ ಗುಲಾಬಿ, ದ್ರಾಕ್ಷಿಬಳ್ಳಿ, ಅನಾನಸು, ಹಿಮದ ಹರಳು ಇವೇ ಕಣ್ಣಿಗೆ ಬೀಳುತ್ತವೆ. ಇವು ಚೆಲುವಾದವುಗಳಲ್ಲವೆಂದು ನಾವು ಹೇಳುವದಿಲ್ಲ. ಆದರೆ ಜನ್ಮದಲ್ಲಿ ಹಿಮವನ್ನು ಕಾಣದ ಹುಡುಗಿಯು ಅದರ ಹರಳನ್ನು ನೂರು ಸಲ ಹೆಣೆದರೆ ಅವಳ ಕೈ ಪಳಗೀತು, ಕಣ್ಣು ಪಳಗಲಾರದು. ಆದುದರಿಂದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳಲ್ಲಿ ಸಂಚರಿಸಿ ಬಂದವಳು, ಅಲ್ಲಿ ಕಂಡುದನ್ನು ಮೂರು ಪಟ್ಟಿಗಳಾಗಿ ಹೆಣೆದು ಒಂದು ಲೇಸಿನ ಶಾಲನ್ನು ಹೇಗೆ ಸಿದ್ಧಪಡಿಸಬಹುದೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಶಾಲಿನ ಬೆಲೆಯ ಮಾತನ್ನೂ ಕೊನೆಗೆ ಎತ್ತಿದ್ದೇವೆ. ಹೆಣಿಗೆಯನ್ನು ಕಲಿಸುವವರು ಆ ಮಾತನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ.

ಕಂಡ ವಸ್ತುವನ್ನು ಸೂಜಿಯಿಂದ ಬಟ್ಟೆಗೆ ಇಳಿಸುವದು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಗೋಪುರ, ತೇರು, ಪಲ್ಲಕ್ಕಿ, ಆನೆಗಳೆಲ್ಲ ಜಾತ್ರೆಗೆ ಹೋದ ಹೆಣ್ಣುಮಕ್ಕಳ ಕಣ್ಣಿಗೆ ಬೀಳುವ ವಸ್ತುಗಳೇ ಆಗಿವೆ. ಎತ್ತುಗಳ ಮೇಲೆ ದವಸ ಉಪ್ಪುಗಳನ್ನು ಹೇರಿಕೊಂಡು ದಖ್ಖಣದ ಉದ್ದಗಲಕ್ಕೂ ಸಂಚರಿಸಿದ ಲಂಬಾಣಿಗರ ಮನೆತನಗಳಲ್ಲಿ ಹೆಂಗಸರು ಕನ್ನಡಿ ಚೂರು, ಕವಡೆಗಳನ್ನು ಕೂಡಿಸಿ ಹಾಕುವ ಕುಸುರಿಯನ್ನು ಬಲ್ಲವರೆಲ್ಲ ಮೆಚ್ಚಿದ್ದಾರೆ. ಅವರ ತಾಂಡೆಗಳು ಈ ಮೂರು ತಾಲೂಕುಗಳಲ್ಲಿಯೂ ಇವೆ. ಕ್ರೋಶಾ ಮಾತ್ರ ಹೊರಗಿನಿಂದ ಬಂದ ವಿದ್ಯೆ. ಕೊಕ್ಕೆ ಎಂಬರ್ಥದ ಫ್ರೆಂಚ್ ಮಾತಿನಿಂದ ಅದಕ್ಕೆ ಆ ಹೆಸರು ಬಂದಿತು. ಅದರ ಮಾದರಿಗಳು ಹಾಲೆಂಡಿನ ‘ಪೆನೆಲೊಪೆ’ ಎಂಬ ಪತ್ರಿಕೆಯಲ್ಲಿ 1823ರಲ್ಲಿ ಅಚ್ಚಾಗಿದ್ದವು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಘೋರವಾದ ಬರಗಾಲ ಬಿದ್ದಾಗ ಅಲ್ಲಿಯ ಸಂನ್ಯಾಸಿನಿಯರು ಬಡ ಹೆಂಗಸರಿಗೆ ಈ ಹೆಣಿಗೆಯನ್ನು ಕಲಿಸಿ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವಂತೆ ಮಾಡಿದರು.

ನಮ್ಮ ದೇಶದಲ್ಲಿ ಲೇಸಿನ ಕಥೆಯು ಮಿಶನ್ ಶಾಲೆಗಳೊಡನೆ ಹೆಣೆದುಕೊಂಡಿದೆ. ತಿರುವಾಂಕೂರು ಸಂಸ್ಥಾನದ ನಾಗರಕೋಯಿಲಿಗೆ 1819ರಲ್ಲಿ ಬಂದ ಶ್ರೀಮತಿ ಮಾರ್ಥಾ ಮಾಲ್ಟ್ ಅವರು ಅಲ್ಲಿಯ ಹುಡುಗಿಯರಿಗೆ ದಿಂಬಿನ ಮೇಲೆ ಮಾಡುವ ಲೇಸನ್ನು ಕಲಿಸಿದರು. ಅದು ಕೊಕ್ಕೆಯ ಕೆಲಸವಲ್ಲ; ಹಲವು ಕದಿರುಗಳಿಗೆ ಸುತ್ತಿದ ದಾರಗಳನ್ನು ಒಂದರ ಮೇಲೊಂದು ಹಾಯಿಸಿ ಮಾಡುವಂಥದು. ಆಗ ಆ ಸಂಸ್ಥಾನದಲ್ಲಿ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ಪದ್ಧತಿ ಇದ್ದಿತು. 1855ರವರೆಗೂ ಅದು ತೊಲಗಲಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಕೆಲವು ಹುಡುಗಿಯರು ಲೇಸಿನಿಂದ ಬಂದ ಹಣವನ್ನು ಒಡೆಯರಿಗೆ ತೆತ್ತು ತಮ್ಮನ್ನು ತಾವೇ ಬಿಡಿಸಿಕೊಂಡರೆಂಬುದು ಆ ಮಿಶನಿನ ಚರಿತ್ರೆಯಲ್ಲಿ ದಾಖಲಾಗಿದೆ. ಒಂದು ಮೊಳ ಲೇಸಿಗೆ ಇಂಥ ಬೆಲೆಯೂ ಬಂದುದುಂಟು. ಗೋದಾವರಿಯ ತೀರದ ನರಸಾಪುರದ ಕಡೆಯಲ್ಲಿ ಕೊಕ್ಕೆಯ ಲೇಸೇ ಬೇರೂರಿತು. ಅಲ್ಲಿಯೂ 19ನೆಯ ಶತಮಾನದಲ್ಲಿ ಮಿಶನರಿಗಳೇ ಅದನ್ನು ಕಲಿಸಿದರು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಊರಿನ ಹೆಸರು ಮುಂದೆ ಇನ್ನೊಂದು ಕಾರಣಕ್ಕಾಗಿ ಬರುವದು.

ಇನ್ನು ನಮ್ಮ ದಾರಿಯನ್ನು ಹಿಡಿಯೋಣ. ಆಳಂದವು ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿದೆ. ಶರಣ ಏಕಾಂತದ ರಾಮಯ್ಯನು ಈ ಊರಿನವನು. ಲಾಡ್ಲೆ ಮಶಾಯಕರ ದರ್ಗಾಕ್ಕೆ ಇಲ್ಲಿಗೆ ದೂರದೂರದಿಂದ ಜನ ಬರುತ್ತಾರೆ. ಇದೇ ತಾಲೂಕಿನಲ್ಲಿ ಅಮರ್ಜಾ ಎಂಬ ಚಿಕ್ಕ ನದಿಯು ಹುಟ್ಟಿ, ಕೊರಳ್ಳಿಯ ಹತ್ತಿರದ ಅಣೆಕಟ್ಟನ್ನು ದಾಟಿ, ತೆಂಕಣಕ್ಕೆ ಹರಿದು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಭಕ್ತರು ಆ ಸಂಗಮದಲ್ಲಿ ಮಿಂದು ಪಾದುಕೆಗಳ ದರ್ಶನಕ್ಕೆ ಹೋಗುತ್ತಾರೆ. ಭೀಮೆಯಾದರೋ ಸಹ್ಯಾದ್ರಿಯ ಭೀಮಾಶಂಕರದಿಂದ ಹೊರಟು ಮಹಾರಾಷ್ಟ್ರವನ್ನು ಹಾಯ್ದು ಬಂದ ದೊಡ್ಡ ಹೊಳೆ. ಅದು ಮುಂದೆ ಜೇವರ್ಗಿ ತಾಲೂಕಿನ ಅಂಚನ್ನು ತೊಳೆಯುತ್ತ ಕೃಷ್ಣೆಯ ಕಡೆಗೆ ಸಾಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಅದನ್ನು ದಾಟುತ್ತಾರೆ. ಹೀಗೆ ಈ ಮೂರು ತಾಲೂಕುಗಳನ್ನು ಒಂದು ನೀರಿನ ದಾರಿಯು ಪೋಣಿಸಿದೆ. ಮೂಲದಲ್ಲಿ ಕಿರಿದಾಗಿ, ಹೋಗುತ್ತ ಹೋಗುತ್ತ ಅಗಲವಾಗುವ ಆ ದಾರಿಯೇ, ಕತ್ತಿನ ಹಿಂದೆ ಒಂದು ಚಿಕ್ಕ ಬಳೆಯಿಂದ ಆರಂಭವಾಗಿ ಬೆನ್ನ ಮೇಲೆ ಹರಡುವ ಮುಕ್ಕೋಣದ ಶಾಲಿಗೆ ನಕ್ಷೆಯಾಗಬಲ್ಲದು.

ಈ ಪ್ರವಾಸಕ್ಕೆ ಎಳ್ಳಮವಾಸ್ಯೆಯ ಸುಮಾರಿನ ಕಾಲವು ತಕ್ಕದ್ದು. ಆಗ ಬಿಸಿಲಿನ ಕಾಟವಿರುವದಿಲ್ಲ. ಜೋಳವು ಹಸುರಾಗಿ ನಿಂತಿರುತ್ತದೆ. ಚರಗ ಚೆಲ್ಲಲು ಹೊಲಕ್ಕೆ ಹೊರಟ ಬಂಡಿಗಳು ದಾರಿಯುದ್ದಕ್ಕೂ ಎದುರಾಗುತ್ತವೆ. (ಆ ದಿನ ಹೊಲದಲ್ಲಿ ಕುಳಿತು ಉಂಡ ಸಜ್ಜೆಯ ಕಡುಬಿನ ರುಚಿಯನ್ನು ಯಾವ ಹೆಣಿಗೆಯಲ್ಲಿಯೂ ತೋರಿಸಲು ಬಾರದು.) ಕಂಡುದರ ಚಿತ್ರ ಬರೆದುಕೊಳ್ಳುವದಕ್ಕಿಂತ ಅದನ್ನು ಎಣಿಸಿ ಬರೆದುಕೊಳ್ಳುವದು ಹೆಚ್ಚು ಉಪಯುಕ್ತ. ಕೊಕ್ಕೆಗೆ ಚಿತ್ರ ತಿಳಿಯದು, ಲೆಕ್ಕ ತಿಳಿಯುತ್ತದೆ. ಎಲೆಗೆ ಎಷ್ಟು ಸೀಳು, ತೆನೆಗೆ ಎಂಥ ತುದಿ, ಅಲೆಗೂ ಅಲೆಗೂ ನಡುವೆ ಎಷ್ಟು ಬಯಲು ಎಂಬುದನ್ನು ಗುರುತು ಹಾಕಿಕೊಂಡರೆ ಸಾಕು. ಗುಮ್ಮಟ ಶಿಖರಗಳನ್ನು ಹೆಣೆಯಬಾರದೇ ಎಂದು ಕೆಲವರು ಕೇಳಬಹುದು. ಚೌಕಳಿ ಹೆಣಿಗೆಯಲ್ಲಿ ಅವುಗಳನ್ನು ತರಲು ಬರುವದು ನಿಜ. ಆದರೆ ಜನರು ಕೈಮುಗಿಯುವ ಸ್ಥಳಗಳ ಆಕಾರವನ್ನು ಹೆಗಲ ಮೇಲೆ ಹೊದ್ದು, ಆ ಬಳಿಕ ಒಗೆಯುವ ನೀರಿನಲ್ಲಿ ಅದ್ದುವದು ನಮಗೆ ಸರಿದೋರಲಿಲ್ಲ. ಬೇಸಿಗೆಯಲ್ಲಿ ಎರೆ ಭೂಮಿಯು ಬಿರಿಯುವ ರೀತಿಯೂ ಕಣ್ಣಿಗೆ ವಿಚಿತ್ರವೇ; ಲೇಸಿನಲ್ಲಿ ಅದನ್ನು ಅನುಕರಿಸಿದರೆ ಹರಿದ ಬಲೆಯಂತೆ ತೋರುವದು. ನೀರು, ಎಲೆ, ತೆನೆ ಈ ಮೂರೇ ಸಾಕು.

ದಾರವು ಹತ್ತಿಯದಿರಲಿ. ಈ ಸೀಮೆಯ ನಿಜವಾದ ಶಾಲು ಕುರುಬರು ನೇಯುವ ಕರಿಯ ಕಂಬಳಿಯೇ. ಉಣ್ಣೆಯ ವಿಷಯದಲ್ಲಿ ಅದರೊಡನೆ ಸ್ಪರ್ಧಿಸುವ ಹವ್ಯಾಸ ಬೇಡ. 10ನೆಯ ನಂಬರಿನ ದಾರವನ್ನೂ 1.75 ಮಿಲಿಮೀಟರಿನ ಕ್ರೋಶಾ ಕಡ್ಡಿಯನ್ನೂ ತೆಗೆದುಕೊಂಡರೆ, ಮುಗಿದ ಶಾಲು ಬೆನ್ನಿನ ನಡುವೆ ಸುಮಾರು 75 ಸೆಂಟಿಮೀಟರು ಇಳಿಯುವದು. ಹೆಗಲಿನ ಅಂಚು ಸುಮಾರು ಒಂದೂವರೆ ಮೀಟರು ಆಗುವದು. ಬಿಗಿಯಾಗಿ ಹೆಣೆಯುವ ಕೈಯವರು ಒಂದು ಅಳತೆ ದಪ್ಪ ಕಡ್ಡಿಯನ್ನು ಹಿಡಿಯುವದು ಒಳ್ಳೆಯದು. ಬಣ್ಣವು ಒಂದೇ ಇರಲಿ, ಅದೂ ಬಿಳಿಜೋಳದ ಬಣ್ಣವಿರಲಿ.

ಹೊಲಿಗೆಗಳು ಮೂರೇ. ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರವನ್ನು ಎಳೆದರೆ ಒಂದು ಸರಪಣಿ. ಕಡ್ಡಿಯನ್ನು ಕೆಳಗಿನ ಹೆಣಿಗೆಯಲ್ಲಿ ತೂರಿಸಿ ದಾರ ತಂದು, ಕಡ್ಡಿಯ ಮೇಲೆ ನಿಂತ ಎರಡು ಕುಣಿಕೆಗಳೊಳಗಿಂದ ಒಮ್ಮೆಗೇ ಎಳೆದರೆ ಗಿಡ್ಡ ಕಂಬ. ಮೊದಲು ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಆಮೇಲೆ ತೂರಿಸಿ ದಾರ ತಂದು, ಮೂರು ಕುಣಿಕೆಗಳಲ್ಲಿ ಎರಡೆರಡನ್ನು ಎರಡು ಸಲ ಬಿಡಿಸಿದರೆ ಕಂಬ. ಬೇರೆ ಬೇರೆ ಶಾಲೆಗಳಲ್ಲಿ ಇವಕ್ಕೆ ಬೇರೆ ಬೇರೆ ಹೆಸರುಗಳಿರಬಹುದು. ಕೈಯ ಕೆಲಸವು ಒಂದೇ.

ಮೊದಲನೆಯ ಪಟ್ಟಿಯು ಆಳಂದದ್ದು. ಈ ಜಿಲ್ಲೆಯ ತೊಗರಿಯು ಎಷ್ಟು ಪ್ರಸಿದ್ಧವೆಂದರೆ 2019ರಲ್ಲಿ ಅದಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ತೊಗರಿಯ ಎಲೆಯನ್ನು ಕಿತ್ತು ನೋಡಿರಿ: ಒಂದು ತೊಟ್ಟಿಗೆ ಮೂರು ಎಲೆಗಳಿರುತ್ತವೆ. ಆದುದರಿಂದ ಮೂರು ಕಂಬಗಳ ಗೊಂಚಲೇ ನಮ್ಮ ತೊಗರಿ. ಐದು ಸರಪಣಿ ಹಾಕಿ, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿ ಬಳೆ ಮಾಡಿಕೊಳ್ಳಬೇಕು. ಈ ಬಳೆಯೇ ಅಮರ್ಜೆಯ ಹುಟ್ಟು. ಮೊದಲ ಸಾಲಿಗೆ ನಾಲ್ಕು ಸರಪಣಿ ಹಾಕಬೇಕು. ಇವುಗಳಲ್ಲಿ ಮೂರು ಒಂದು ಕಂಬಕ್ಕೆ ಬದಲು, ನಾಲ್ಕನೆಯದು ಅಂಚಿನ ಸಂದು. ಆಮೇಲೆ ಬಳೆಯೊಳಗೆ ಮೂರು ಕಂಬ, ಮೂರು ಸರಪಣಿ, ಮತ್ತೆ ಮೂರು ಕಂಬ, ಒಂದು ಸರಪಣಿ, ಒಂದು ಕಂಬ. ಹೆಣಿಗೆಯನ್ನು ತಿರುಗಿಸಿರಿ. ನಡುವಿನ ಮೂರು ಸರಪಣಿಗಳ ಸಂದೇ ನದಿ. ಎರಡು ಮಗ್ಗುಲಿನ ಗೊಂಚಲುಗಳು ಎರಡು ದಂಡೆಯ ಹೊಲಗಳು.

ಎರಡನೆಯ ಸಾಲಿಗೆ ಮತ್ತೆ ನಾಲ್ಕು ಸರಪಣಿ; ಅಂಚಿನ ಸಂದಿನಲ್ಲಿ ಒಂದು ಗೊಂಚಲು; ಒಂದು ಸರಪಣಿ; ನಡುವಿನ ಸಂದಿನಲ್ಲಿ ಒಂದು ಗೊಂಚಲು, ಮೂರು ಸರಪಣಿ, ಇನ್ನೊಂದು ಗೊಂಚಲು; ಒಂದು ಸರಪಣಿ; ಆಚೆಯ ಅಂಚಿನ ಸಂದಿನಲ್ಲಿ ಒಂದು ಗೊಂಚಲು; ಒಂದು ಸರಪಣಿ; ಕೊನೆಗೆ ಕೆಳಸಾಲಿನ ನಾಲ್ಕು ಸರಪಣಿಗಳ ಪೈಕಿ ಮೂರನೆಯದರಲ್ಲಿ ಒಂದು ಕಂಬ. ಮುಂದಿನ ಸಾಲುಗಳೆಲ್ಲ ಹೀಗೆಯೇ: ಗೊಂಚಲಿಗೂ ಗೊಂಚಲಿಗೂ ನಡುವಿನ ಪ್ರತಿಯೊಂದು ಸಂದಿನಲ್ಲಿ ಒಂದು ಗೊಂಚಲು, ಎರಡು ಗೊಂಚಲುಗಳ ನಡುವೆ ಒಂದು ಸರಪಣಿ, ನದಿಯಲ್ಲಿ ಮಾತ್ರ ಎರಡು ಗೊಂಚಲು. ಎಷ್ಟನೆಯ ಸಾಲೋ ನದಿಯ ಒಂದೊಂದು ಮಗ್ಗುಲಿಗೆ ಅಷ್ಟೇ ಗೊಂಚಲುಗಳಿರಬೇಕು. ಹತ್ತನೆಯ ಸಾಲಿನಲ್ಲಿ ಹತ್ತು ಹತ್ತು, ಇಪ್ಪತ್ತನೆಯದರಲ್ಲಿ ಇಪ್ಪತ್ತು ಇಪ್ಪತ್ತು. ಈ ಗುಟ್ಟು ತಿಳಿದವಳಿಗೆ ಪುಸ್ತಕವನ್ನು ನೋಡುವ ಕಾರಣವೇ ಇಲ್ಲ. 24 ಸಾಲು ಮುಗಿದಾಗ ಉಳಿದ ಉಂಡೆಯನ್ನು ತೂಗಿ, ಎಷ್ಟು ದಾರ ಖರ್ಚಾಯಿತೆಂದು ನೋಡಬೇಕು. ಇಡೀ ಶಾಲಿಗೆ ಅದರ ಏಳು ಪಟ್ಟು ಬೇಕಾಗುವದು. ಕೊರತೆಯಾಗುವಂತಿದ್ದರೆ ಆಗಲೇ ತರಿಸಿಕೊಳ್ಳುವದು ಜಾಣತನ. ತಿಂಗಳು ಕಳೆದು ತಂದ ದಾರದ ಬಣ್ಣವು ಮೊದಲಿನದಕ್ಕೆ ಹೊಂದುವದು ಅಪರೂಪ. ಹೀಗೆ 48 ಸಾಲುಗಳನ್ನು ಹೆಣೆದರೆ ಆಳಂದದ ಪಟ್ಟಿ ಮುಗಿಯುವದು.

ಎರಡನೆಯದು ಅಫಜಲಪುರದ ಪಟ್ಟಿ. ಇಲ್ಲಿ ಅಮರ್ಜೆಯು ಭೀಮೆಯಲ್ಲಿ ಸೇರುವದರಿಂದ ಹೊಲಗಳು ಹಿಂದುಳಿದು ಎಲ್ಲೆಲ್ಲಿಯೂ ನೀರೇ ಕಾಣಬೇಕು. ಐದು ಸರಪಣಿಗಳ ಕುಣಿಕೆಗಳಿಂದ ಬಲೆಯನ್ನು ಹೆಣೆಯುತ್ತೇವೆ. ಸಾಲಿನ ಆರಂಭಕ್ಕೆ ಎಂಟು ಸರಪಣಿ (ಮೂರು ಕಂಬಕ್ಕೆ ಬದಲು, ಐದು ಕುಣಿಕೆಗೆ), ಅಂಚಿನ ಸಂದಿನಲ್ಲಿ ಒಂದು ಗಿಡ್ಡ ಕಂಬ. ಅಲ್ಲಿಂದ ಐದು ಸರಪಣಿ, ಮುಂದಿನ ಸಂದಿನಲ್ಲಿ ಗಿಡ್ಡ ಕಂಬ, ಹೀಗೆ ನಡುವಿನವರೆಗೆ ಬಂದು, ನಡುವಿನ ಸಂದಿನಲ್ಲಿ ಗಿಡ್ಡ ಕಂಬ, ಐದು ಸರಪಣಿ, ಅಲ್ಲಿಯೇ ಇನ್ನೊಂದು ಗಿಡ್ಡ ಕಂಬ. ಆಚೆಯ ಮಗ್ಗುಲನ್ನೂ ಹಾಗೆಯೇ ನಡೆಸಿ, ಕಡೆಗೆ ಐದು ಸರಪಣಿ ಹಾಕಿ ಕೊನೆಯಲ್ಲಿ ಒಂದು ಕಂಬದಿಂದ ಮುಗಿಸಬೇಕು. ಮುಂದಿನ ಸಾಲುಗಳಲ್ಲಿ ಸಂದುಗಳಿಗೆ ಬದಲಾಗಿ ಕೆಳಗಿನ ಕುಣಿಕೆಗಳಲ್ಲಿ ಗಿಡ್ಡ ಕಂಬವನ್ನು ಹಾಕುವದಷ್ಟೇ ಭೇದ. ಮೊದಲ ಸಾಲಿನಲ್ಲಿ ಒಂದೊಂದು ಮಗ್ಗುಲಿಗೆ 49 ಕುಣಿಕೆಗಳಾಗುವವು. ಸಾಲಿಗೆ ಒಂದರಂತೆ ಹೆಚ್ಚಿ 16ನೆಯ ಸಾಲಿಗೆ 64 ಆಗುವವು. ನಡುವಿನ ಕುಣಿಕೆಯನ್ನು ಕೂಡಿಸಿದರೆ ಒಟ್ಟಿಗೆ 129.

ಈ ಪಟ್ಟಿಯಲ್ಲಿ ಕೈಯನ್ನು ಸಡಿಲವಾಗಿ ಬಿಡಬೇಕು. ಭೀಮೆಯು ಬೇಸಿಗೆಯಲ್ಲಿ ಮರಳಿನ ನಡುವೆ ಅಲ್ಲಲ್ಲಿ ನಿಂತ ಮಡುವಾಗಿ ಉಳಿಯುತ್ತದೆ. ಅದೇ ಹೊಳೆಯು 2020ರ ಅಕ್ಟೋಬರದಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿ, ಜನರು ಕಟ್ಟಿದ ಮನೆ, ಬಿತ್ತಿದ ಬೆಳೆಗಳನ್ನು ಬಿಟ್ಟು ಓಡುವಂತೆ ಮಾಡಿತು. ಬಲೆಯ ಹೆಣಿಗೆಗೂ ಇದೇ ಗುಣವಿದೆ. ಕಡ್ಡಿಯ ಮೇಲಿರುವಾಗ ಮುದುರಿಕೊಂಡು ಗೇಣಿನಷ್ಟೂ ಕಾಣುವದಿಲ್ಲ. ತೋಯಿಸಿ ಎಳೆದು ಹಾಸಿದಾಗ ಎಲ್ಲಿತ್ತೆನ್ನುವಷ್ಟು ಹರಡುತ್ತದೆ. ಬಿಗಿಯಾಗಿ ಹೆಣೆದರೆ ಅದು ಹರಡಲಾರದು.

ಜೇವರ್ಗಿಯ ಪಟ್ಟಿಯು ಮೂರೇ ಸಾಲಿನದು. ಹೊಳೆಯನ್ನು ದಾಟಿ ಆಚೆಯ ದಂಡೆಯನ್ನು ಹತ್ತಿದರೆ ಎರೆ ಹೊಲಗಳಲ್ಲಿ ಹಿಂಗಾರಿ ಜೋಳವು ತೆನೆಹೊತ್ತು ನಿಂತಿರುತ್ತದೆ. ಆ ತೆನೆಯೇ ನಮ್ಮ ಅಂಚು. ಮೊದಲ ಸಾಲು: ಒಂದನೆಯ ಕುಣಿಕೆಯಲ್ಲಿ ಏಳು ಕಂಬ (ಮೊದಲನೆಯದಕ್ಕೆ ಮೂರು ಸರಪಣಿ ಸಾಕು), ಎರಡನೆಯದರಲ್ಲಿ ಗಿಡ್ಡ ಕಂಬ, ಮೂರನೆಯದರಲ್ಲಿ ಏಳು ಕಂಬ, ಹೀಗೆ ಒಂದು ಬಿಟ್ಟು ಒಂದು. ನಟ್ಟನಡುವಿನ 65ನೆಯ ಕುಣಿಕೆಯಲ್ಲಿ ಮಾತ್ರ ಒಂಬತ್ತು ಕಂಬ. ಮೊನೆಯು ಮುದುಡದಿರಲು ಇದು ಬೇಕು. ಎಣಿಸಿದರೆ 65 ತೆನೆಗಳಾಗುವವು. ಎರಡನೆಯ ಸಾಲಿನಲ್ಲಿ ತೆನೆಯ ಪ್ರತಿಯೊಂದು ಕಂಬದ ಮೇಲೆ ಒಂದು ಕಂಬ, ಅವುಗಳ ನಡುವೆ ಒಂದೊಂದು ಸರಪಣಿ. ತೆನೆಗೂ ತೆನೆಗೂ ನಡುವೆ ಗಿಡ್ಡ ಕಂಬದ ಮೇಲೆ ಗಿಡ್ಡ ಕಂಬ. ಮೂರನೆಯದು ಕಾಳಿನ ಸಾಲು: ಕಂಬಗಳ ನಡುವಿನ ಒಂದೊಂದು ಸಂದಿನಲ್ಲಿಯೂ ಗಿಡ್ಡ ಕಂಬ, ಮೂರು ಸರಪಣಿ, ಗಿಡ್ಡ ಕಂಬ. ತೆನೆಗೆ ಆರು ಕಾಳು, ನಡುವಿನದಕ್ಕೆ ಎಂಟು, ಒಟ್ಟು 392 ಕಾಳು. ಸೀತನಿ ತಿನ್ನುವ ಹುಡುಗಿಯರು ಇದು ಬಹಳ ಬಡ ತೆನೆಯೆಂದು ನಗಬಹುದು. ಕಾಳು ಹೆಚ್ಚಿದರೆ ಅಂಚು ನೆರಿಗೆ ಬೀಳುವದೆಂಬುದನ್ನು ಅವರು ಹೆಣೆದೇ ತಿಳಿಯಲಿ.

ಶಾಲನ್ನು ಹಿರಿದು ಕಿರಿದು ಮಾಡಬೇಕಾದವರು ಒಂದು ಲೆಕ್ಕವನ್ನು ನೆನಪಿಡಬೇಕು. ಗೊಂಚಲಿನ ಸಾಲುಗಳೂ ಬಲೆಯ ಸಾಲುಗಳೂ ಕೂಡಿ ಸಮಸಂಖ್ಯೆಯಾಗಬೇಕು. ನಮ್ಮಲ್ಲಿ 48 ಮತ್ತು 16 ಕೂಡಿ 64. ಅದು ಬೆಸವಾದರೆ ಮೊನೆಯಲ್ಲಿ ತೆನೆ ಬೀಳದೆ ಗಿಡ್ಡ ಕಂಬವು ಬಿದ್ದು ಅಲ್ಲಿ ತಗ್ಗಾಗುವದು.

ಮುಗಿದ ಹೆಣಿಗೆಯನ್ನು ಸಾಬೂನಿನ ನೀರಿನಲ್ಲಿ ಹಿಂಡದೆ ಅದ್ದಿ ತೊಳೆದು, ತಿಳಿಯಾದ ಗಂಜಿಯಲ್ಲಿ ಒಮ್ಮೆ ಮುಳುಗಿಸಿ, ಹಾಸಿಗೆಯ ಮೇಲೆ ಬಿಳಿಯ ಬಟ್ಟೆ ಹಾಸಿ ಅದರ ಮೇಲೆ ಹರಡಬೇಕು. ಮೊದಲು ನದಿಯ ಗೆರೆಯನ್ನು ನೆಟ್ಟಗೆ ಎಳೆದು ಎರಡೂ ತುದಿಗೆ ಗುಂಡುಸೂಜಿ ಚುಚ್ಚಬೇಕು. ಆಮೇಲೆ ಹೆಗಲಿನ ಅಂಚು. ಕಡೆಗೆ ತೆನೆಗಳನ್ನು ಒಂದೊಂದಾಗಿ. ತುಕ್ಕು ಹಿಡಿಯದ ಸೂಜಿಗಳೇ ಆಗಬೇಕು. ಪೂರ್ತಿ ಒಣಗುವವರೆಗೆ ಮುಟ್ಟಬಾರದು. ಈ ಶಾಲನ್ನು ಬಿಳಿಯ ಅಥವಾ ತಿಳಿಬಣ್ಣದ ಸೀರೆಯ ಮೇಲೆ ಹೊದ್ದರೆ ಹೆಣಿಗೆಯು ಕಾಣುವದಿಲ್ಲ. ಕಸೂತಿಗೆ ಹೆಸರಾದ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಹೊದ್ದು ನೋಡಿರಿ: ಗೊಂಚಲುಗಳ ಸಂದುಗಳಲ್ಲೆಲ್ಲ ಎರೆ ಮಣ್ಣಿನ ಬಣ್ಣವೇ ಇಣಿಕುವದು. ನೆಲವನ್ನು ನಾವು ಹೆಣೆಯದೆ ಬಿಟ್ಟದ್ದು ಇದಕ್ಕಾಗಿಯೇ.

ಇನ್ನು ಬೆಲೆಯ ಮಾತು. ಆಳಂದದ ಪಟ್ಟಿಯಲ್ಲಿ ಗೊಂಚಲುಗಳು 2,352. ಪಳಗಿದ ಕೈಗೆ ಒಂದಕ್ಕೆ ಅರ್ಧ ನಿಮಿಷವೆಂದು ಹಿಡಿದರೂ 1,176 ನಿಮಿಷಗಳಾದವು. ಬಲೆಯಲ್ಲಿ ಕುಣಿಕೆಗಳು 1,824. ಒಂದಕ್ಕೆ ಕಾಲು ನಿಮಿಷದಂತೆ 456 ನಿಮಿಷ. 65 ತೆನೆಗಳಿಗೆ ಮೂರು ಸಾಲು, ತೆನೆಯೊಂದಕ್ಕೆ ಸಾಲಿಗೆ ಒಂದು ನಿಮಿಷದಂತೆ 195. ಎಲ್ಲ ಕೂಡಿ 1,827 ನಿಮಿಷ, ಅಂದರೆ ಮೂವತ್ತು ತಾಸಿಗೆ ಮೇಲೆ. ಇದು ಹೊಲದಲ್ಲಿ ಎಂಟು ತಾಸು ದುಡಿಯುವ ಹೆಣ್ಣಾಳಿನ ಹೆಚ್ಚು ಕಡಿಮೆ ನಾಲ್ಕು ದಿನದ ಕೆಲಸ. ಬಿಚ್ಚಿ ಮತ್ತೆ ಹೆಣೆದ ಹೊತ್ತನ್ನೂ ತೊಳೆದು ಹಾಸಿದ ಹೊತ್ತನ್ನೂ ಇದರಲ್ಲಿ ಸೇರಿಸಿಲ್ಲ. ಆದರೆ ಕೊಳ್ಳಲು ಬಂದವರು ದಾರದ ಬೆಲೆಯನ್ನು ಕೇಳಿ ಅದರ ಮೇಲೆ ಚೂರು ಪಾರು ಸೇರಿಸಿ ಕೊಡುವದೇ ವಾಡಿಕೆ. ‘ಮನೆಯಲ್ಲಿ ಸುಮ್ಮನೆ ಕುಳಿತಾಗ ಹೆಣೆದದ್ದಲ್ಲವೇ’ ಎನ್ನುತ್ತಾರೆ. ಹೀಗೆನ್ನುವವರಲ್ಲಿ ನಮ್ಮ ಮನೆಯವರೇ ಮೊದಲಿಗರು.

ಇದು ನಮ್ಮ ಸೀಮೆಯೊಂದರ ಸಂಗತಿಯಲ್ಲ. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆಯು ನರಸಾಪುರದ ಲೇಸುಗಾರ್ತಿಯರ ನಡುವೆ ಇದ್ದು ನೋಡಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ದೂರ ದೇಶಗಳ ಪೇಟೆಗೆ ಹೋಗುವ ಲೇಸನ್ನು ದಿನವಿಡೀ ಹೆಣೆಯುತ್ತಿದ್ದ ಆ ಸ್ತ್ರೀಯರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಗೃಹಿಣಿಯರು ಬಿಡುವಿನ ಹೊತ್ತನ್ನು ಕಳೆಯುತ್ತಾರೆಂದೇ ತಿಳಿಯುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಹೊಲದ ಕೂಲಿಗಿಂತಲೂ ಕಡಿಮೆ; ವ್ಯಾಪಾರದ ಲಾಭವು ಮಧ್ಯಸ್ಥರಿಗೂ ರಫ್ತುಗಾರರಿಗೂ ಹೋಗುತ್ತಿದ್ದಿತು. ನಾಗರಕೋಯಿಲಿನಲ್ಲಿ ಹುಡುಗಿಯರನ್ನು ಬಿಡಿಸಿದ ವಿದ್ಯೆಯೇ ಇನ್ನೊಂದು ಕಡೆಯಲ್ಲಿ ಹೀಗೆ ಅಗ್ಗವಾಗಲು ಕಾರಣವೇನು? ನಾಗರಕೋಯಿಲಿನಲ್ಲಿ ಲೇಸಿನ ಹಣವು ಹೆಣೆದವಳ ಕೈಗೆ ಅವಳ ಹೆಸರಿನಲ್ಲಿಯೇ ಬಂದಿತು; ನರಸಾಪುರದಲ್ಲಿ ಹೆಣೆದವಳ ಹೆಸರೂ ಅವಳ ತಾಸುಗಳೂ ಲೆಕ್ಕದ ಪುಸ್ತಕದಲ್ಲಿಯೇ ಇರಲಿಲ್ಲ. ನಮಗೆ ತೋರುವ ಕಾರಣವು ಇದು. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಯೊಪ್ಪದ ತಬಿಥಾ ಎಂಬವಳು ತೀರಿಕೊಂಡಾಗ ವಿಧವೆಯರು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು ಪೇತ್ರನಿಗೆ ತೋರಿಸಿ ಅತ್ತರೆಂದಿದೆ. ಯಾವ ಬಟ್ಟೆಯನ್ನು ಯಾರು ಮಾಡಿದರೆಂಬುದು ಆ ಬಡ ಹೆಂಗಸರಿಗೆ ಚೆನ್ನಾಗಿ ಗೊತ್ತಿದ್ದಿತು.

ಆದುದರಿಂದ ಹೆಣಿಗೆಯ ಆರಂಭದಿಂದಲೇ ಒಂದು ಚಿಕ್ಕ ಪುಸ್ತಕದಲ್ಲಿ ದಿನದಿನದ ತಾಸುಗಳನ್ನು ಬರೆದಿಡಬೇಕು. ಶಾಲು ಮಾರಾಟಕ್ಕೆ ಹೋಗುವದಾದರೆ ದಾರದ ಬೆಲೆಗೆ, ಆ ಊರಿನಲ್ಲಿ ನಡೆಯುವ ಕೂಲಿಯ ದರದಿಂದ ಅಷ್ಟು ತಾಸುಗಳ ಹಣವನ್ನು ಕೂಡಿಸಿ ಬೆಲೆ ಹೇಳಬೇಕು. ಅದಕ್ಕಿಂತ ಕೆಳಗೆ ಇಳಿಯಬಾರದು. ಮನೆಯವರಿಗೆ ಉಡುಗೊರೆಯಾಗಿ ಕೊಡುವದಾದರೂ ಪುಸ್ತಕವನ್ನು ತೋರಿಸಿಯೇ ಕೊಡಬೇಕು. ಶಾಲಿನ ಮೂಲೆಗೆ ಒಂದು ತುಂಡು ಬಟ್ಟೆಯನ್ನು ಹೊಲಿದು, ಅದರ ಮೇಲೆ ಹೆಣೆದವಳ ಹೆಸರು, ಊರು, ವರ್ಷ, ತಾಸು ಇವನ್ನು ಒಗೆದರೂ ಹೋಗದ ಮಸಿಯಿಂದ ಬರೆಯಬೇಕು. ಕತ್ತಿನ ಹಿಂದೆ ಬಳೆಯ ಒಳಮಗ್ಗುಲಿಗೆ ಅದನ್ನು ಹಾಕಿದರೆ ಹೊದ್ದಾಗ ಹೊರಗೆ ತೋರುವದಿಲ್ಲ.